ಬಾದಾಮಿ ಪ್ರವಾಸದ ಮೊಣಕಾಲ ಗಾಯ, ಮತ್ತು ಯಾರೂ ನೋಡದ ಗೀರು

ಈ ಪ್ರಕರಣ ಒಂದೇ ಶಾಲೆಯದ್ದಲ್ಲ, ಒಬ್ಬನೇ ಹುಡುಗನದ್ದೂ ಅಲ್ಲ. ಶಾಲಾ ಪ್ರವಾಸಗಳಲ್ಲಿ ಮತ್ತೆ ಮತ್ತೆ ಆಗುವುದನ್ನು ಒಂದು ದಿನಕ್ಕೆ ಕೂಡಿಸಿ ಬರೆದದ್ದು. ಹಾಗಾಗಿ ಇಲ್ಲಿ ಯಾರಿಗೂ ಹೆಸರಿಲ್ಲ. ಔಷಧ, ಅಳತೆ, ದಿನಗಳ ಲೆಕ್ಕ ಮಾತ್ರ ಇದ್ದದ್ದು ಇದ್ದಂತೆ.

ವಿಜಯಪುರ ಜಿಲ್ಲೆಯ ಪ್ರೌಢಶಾಲೆಯೊಂದರ 9ನೇ ತರಗತಿ. 46 ಮಕ್ಕಳು, ಇಬ್ಬರು ಸರ್‌ಗಳು, ಒಬ್ಬರು ಅಕ್ಕೋರು, ಒಂದು ಬಸ್ಸು. ಜನವರಿ 17. ಬೆಳಿಗ್ಗೆ ನಾಲ್ಕೂ ಗುಹೆ ನೋಡಿ, ಅಗಸ್ತ್ಯ ತೀರ್ಥವೆಂಬ ಹೊಂಡದ ದಂಡೆ ಬಳಸಿ, ಮ್ಯೂಜಿಯಂ ಪಕ್ಕದಿಂದ ಉತ್ತರದ ಕೋಟೆ ಹತ್ತುವುದು. ಇಳಿದು ಬಂದ ಮೇಲೆ ಬನಶಂಕರಿಯಲ್ಲಿ ಊಟ. ಎರಡು ಬಂಡೆಗಳ ನಡುವಿನ ಇಕ್ಕಟ್ಟು ಹಾದಿಯಲ್ಲಿ ಮೆಟ್ಟಿಲಿಳಿಯುತ್ತಿದ್ದ 14 ವರ್ಷದ, 42 ಕಿಲೋ ತೂಕದ ಹುಡುಗ 11 ಗಂಟೆ 10 ನಿಮಿಷಕ್ಕೆ ಜಾರಿ ಬಿದ್ದ. ಬಾದಾಮಿಯ ಗುಡ್ಡ ಮರಳುಗಲ್ಲಿನದು. ಮೆಟ್ಟಿಲ ಮೇಲೆ ಯಾವಾಗಲೂ ಉದುರಿದ ಕೆಂಪು ಮರಳು ಇರುತ್ತದೆ, ಚಪ್ಪಲಿ ಕೆಳಗೆ ಸಣ್ಣ ಗುಂಡುಗಳ ಹಾಗೆ ಉರುಳುತ್ತದೆ. ಬಲ ಮೊಣಕಾಲು ಕಲ್ಲಿಗೆ ಉಜ್ಜಿತು, ಬಲ ಅಂಗೈ ಮೆಟ್ಟಿಲ ಅಂಚಿಗೆ ತಾಗಿ ಸೀಳಿತು.

ಮೊಣಕಾಲ ಮೇಲೆ ಸುಮಾರು 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ ಚರ್ಮ ತರಚಿತ್ತು; ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು, ನಡುವೆಲ್ಲ ಕೆಂಪು ಮರಳು ಮೆತ್ತಿಕೊಂಡಿತ್ತು. ಅಂಗೈಯಲ್ಲಿ ಮಣಿಕಟ್ಟಿನ ಹತ್ತಿರ ಒಂದೂವರೆ ಸೆಂ.ಮೀ. ಸೀಳು, ಅದರಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಎಡ ಮುಂಗೈ ಮೇಲೆ ಮೂರು ತೆಳ್ಳನೆಯ ಗೀರು ಇದ್ದವು. ಅವನ್ನು ಆಗ ಯಾರೂ ನೋಡಲಿಲ್ಲ. ಹುಡುಗ ತುಂಬುತೋಳಿನ ಸ್ವೆಟರ್ ಹಾಕಿದ್ದ.

ಮೊದಲ ಹದಿನೈದು ನಿಮಿಷ

ಸುತ್ತ ಜನ ಸೇರಿದರು, ಸಲಹೆಗಳೂ ಸೇರಿದವು. ಬಸ್ಸಿನ ಚಾಲಕ ಜೇಬಿನಿಂದ ಸುಣ್ಣದ ಡಬ್ಬಿ ತೆಗೆದ. “ಇದನ್ನ ಒಂದೀಟು ಹಚ್ರಿ ಸರ, ಎರಡ ನಿಮಿಷದಾಗ ರಕ್ತ ನಿಂತಬಿಡ್ತೈತಿ.” ರಕ್ತ ನಿಲ್ಲುವುದು ನಿಜವೇ. ಆದರೆ ಸುಣ್ಣ ಕ್ಷಾರ. ಹಸಿ ಮಾಂಸಕ್ಕೆ ತಾಗಿದರೆ ಮೇಲ್ಪದರ ಸುಟ್ಟು ಬಿಳಿಚಿಕೊಳ್ಳುತ್ತದೆ, ಆ ಸುಟ್ಟ ಪದರದ ಕೆಳಗೆ ಮರಳು ಹಾಗೇ ಉಳಿಯುತ್ತದೆ. ಅರಿಷಿಣ ಪುಡಿಯದ್ದೂ ಹತ್ತಿರಹತ್ತಿರ ಅದೇ ಕಥೆ. ಅಡುಗೆಮನೆಯ ಪುಡಿ ಕ್ರಿಮಿರಹಿತವಲ್ಲ, ರಕ್ತದ ಜೊತೆ ಕೂಡಿ ಗಟ್ಟಿ ಹಕ್ಕಳೆ ಕಟ್ಟುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ ಗಾಯದ ಬಣ್ಣವನ್ನೇ ಮುಚ್ಚಿಬಿಡುತ್ತದೆ; ಎರಡು ದಿನ ಬಿಟ್ಟು ಕೆಂಪೇರಿದೆಯೋ ಇಲ್ಲವೋ ನೋಡಬೇಕೆಂದರೆ ಎಲ್ಲ ಹಳದಿ. ಔಷಧದ ಅಂಗಡಿಯಲ್ಲಿ ಸಿಗುವ, ಗಾಯಕ್ಕೆ ಉದುರಿಸುವ ಪೌಡರಿಗೂ ಈ ಕೊನೆಯ ದೋಷ ಉಂಟು.

ಸರ್ ಸುಣ್ಣ ಬೇಡವೆಂದದ್ದು ಒಳ್ಳೆಯದಾಯಿತು. ನೀರಿಗಾಗಿ ಹೊಂಡದ ಕಡೆ ಮಗ್ ಕೊಟ್ಟು ಒಬ್ಬ ಹುಡುಗನನ್ನು ಕಳಿಸಿದ್ದು ಮಾತ್ರ ತಪ್ಪು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಅವನನ್ನು ತಡೆದಳು: “ಗಾಯಕ್ಕ ಈ ನೀರ ಬ್ಯಾಡೋ ತಮ್ಮಾ, ನಳದ್ದ ತಗೊಂಡ ಹೋಗು.” ನಿಯಮವೂ ಇಷ್ಟೇ: ಕುಡಿಯಲು ಬಾರದ ನೀರು ಗಾಯಕ್ಕೂ ಬಾರದು. ನಳದ ನೀರು, ಬಾಟಲಿ ನೀರು, ಕಾಸಿ ಆರಿಸಿದ ನೀರು ಎಲ್ಲವೂ ನಡೆಯುತ್ತದೆ. ಕೆರೆ, ಹೊಂಡ, ಕಾಲುವೆ ನೀರು ನಡೆಯದು.

ಇನ್ನು ಬಸ್ಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆ. ತೆರೆದಾಗ ಕಂಡದ್ದು: ಒಂದು ಹತ್ತಿ ಸುರುಳಿ, ಮುಚ್ಚಳಕ್ಕೆ ಗಟ್ಟಿಯಾಗಿ ಅಂಟಿದ ಕಂದು ಔಷಧದ ಖಾಲಿ ಬಾಟಲಿ, ತುಕ್ಕು ಹಿಡಿದ ಕತ್ತರಿ, ಬಿಸಿಲಿಗೆ ಅಂಟು ಸತ್ತ ಬ್ಯಾಂಡ್‌ಏಡ್ ಪಟ್ಟಿಗಳು. ಅಕ್ಕೋರ ಚೀಲದಲ್ಲಿ ಮಾತ್ರ ಅವರೇ ಕಟ್ಟಿಕೊಂಡು ತಂದ ಸಣ್ಣ ಪೊಟ್ಟಣ ಇತ್ತು. ಆ ದಿನದ ಕೆಲಸ ನಡೆದದ್ದು ಅದರಿಂದಲೇ.

ಅಂಗೈ: ಒತ್ತಿ ಹಿಡಿಯುವುದು, ನೋಡದೇ ಇರುವುದು

ಎರಡು ಗಾಯದಲ್ಲಿ ಮೊದಲು ಯಾವುದು? ರಕ್ತ ತೊಟ್ಟಿಕ್ಕುವುದು ಮೊದಲು. ಮೊಣಕಾಲು ಎಷ್ಟೇ ಘೋರವಾಗಿ ಕಂಡರೂ ಹತ್ತು ನಿಮಿಷ ಕಾಯಬಲ್ಲದು.

ಹುಡುಗನನ್ನು ನೆರಳಿಗೆ ತಂದು ಕೂರಿಸಿದರು. ನಿಲ್ಲಿಸಿಕೊಂಡು ಗಾಯ ತೊಳೆಯಬಾರದು. ಸ್ವಂತ ರಕ್ತ ಕಂಡು ತಲೆ ತಿರುಗಿ ಬೀಳುವ ಮಕ್ಕಳು ಕಡಿಮೆಯಿಲ್ಲ, ಕಲ್ಲಿನ ಮೆಟ್ಟಿಲ ಮೇಲೆ ಎರಡನೇ ಸಲ ಬಿದ್ದರೆ ಪೆಟ್ಟು ತಲೆಗೆ. ಅಕ್ಕೋರು ತಮ್ಮ ಕೈ ತೊಳೆದು ಕೈಗವಸು ಹಾಕಿಕೊಂಡರು. ಸ್ಯಾನಿಟೈಸರ್ ಇದ್ದರೆ ಅದು ಚಿಕಿತ್ಸೆ ಮಾಡುವವರ ಕೈಗೆ, ಗಾಯಕ್ಕಲ್ಲ.

ಅಷ್ಟರಲ್ಲಿ ಒಬ್ಬ ಸರ್ ಹತ್ತಿಯ ಉಂಡೆ ಇಟ್ಟು ಸೀಳನ್ನು ಒತ್ತಿಯಾಗಿತ್ತು. ಹತ್ತಿಯ ಎಳೆಗಳು ರಕ್ತದಲ್ಲಿ ಸಿಕ್ಕಿಕೊಂಡವು, ತೆಗೆಯಲು ಹೋದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬಂತು, ಮತ್ತೆ ರಕ್ತ. ಹತ್ತಿ ಸುತ್ತಲಿನ ಚರ್ಮ ಒರೆಸಲು ಸರಿ. ಗಾಯದ ಮೇಲೆ ಇಡಬೇಕಾದದ್ದು ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳ್ಳನೆಯ ಬಟ್ಟೆ), ಅದಿಲ್ಲದಿದ್ದರೆ ತೊಳೆದು ಇಸ್ತ್ರಿ ಮಾಡಿದ ಕರವಸ್ತ್ರ. ನಾಲ್ಕು ಮಡಿಕೆಯ ಗಾಜ್ ಇಟ್ಟು, ಅಂಗೈಯನ್ನು ಎದೆ ಮಟ್ಟಕ್ಕಿಂತ ಮೇಲೆ ಹಿಡಿಸಿ, ಮೊಬೈಲಿನಲ್ಲಿ 10 ನಿಮಿಷದ ಟೈಮರ್ ಇಟ್ಟರು.

ಈ ಟೈಮರ್ ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಎಲ್ಲ ಕೆಡುವುದು ಇಲ್ಲೇ. ಅರ್ಧ ನಿಮಿಷಕ್ಕೊಮ್ಮೆ “ನಿಂತತೇನು?” ಎಂದು ಎತ್ತಿ ನೋಡಿದರೆ ಪ್ರತಿ ಸಲವೂ ಹೊಸ ಹೆಪ್ಪು ಹರಿದು ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಗಾಜ್ ನೆನೆದರೆ ತೆಗೆಯಬಾರದು. ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಬೇಕು. ಹತ್ತು ನಿಮಿಷ ಆದ ಮೇಲೂ ಹರಿದರೆ ಇನ್ನೊಂದು ಹತ್ತು. ಆಗಲೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ. ಇಲ್ಲಿ ಮೊದಲ ಹತ್ತರಲ್ಲೇ ನಿಂತಿತು.

ಅಂಗೈ ಗಾಯದಲ್ಲಿ ರಕ್ತ ನಿಂತ ಮೇಲೆ ಎರಡು ಪರೀಕ್ಷೆ ಬಿಡಬಾರದು. ಐದೂ ಬೆರಳು ಒಂದೊಂದಾಗಿ ಮಡಿಸಿ ಬಿಡಿಸಲು ಹೇಳಬೇಕು. ಕಣ್ಣು ಮುಚ್ಚಿಸಿ ಪ್ರತಿ ಬೆರಳ ತುದಿ ಮುಟ್ಟಿ ಯಾವ ಬೆರಳೆಂದು ಕೇಳಬೇಕು. ಅಂಗೈ ಚರ್ಮದ ಕೆಳಗೆ ಸ್ನಾಯುರಜ್ಜು, ನರ ಎರಡೂ ಹತ್ತಿರದಲ್ಲೇ ಇವೆ. ಹೊರಗೆ ಒಂದು ಸೆಂ.ಮೀ. ಕಂಡ ಸೀಳು ಒಳಗೆ ಏನು ಕತ್ತರಿಸಿದೆಯೆಂದು ಹೊರಗಿನಿಂದ ತಿಳಿಯದು. ಬೆರಳು ಮಡಿಸಲು ಬಾರದಿದ್ದರೆ, ತುದಿ ಮರಗಟ್ಟಿದಂತಿದ್ದರೆ ಅದು ಸಣ್ಣ ಗಾಯವಲ್ಲ. ಹುಡುಗನಿಗೆ ಎರಡೂ ಸರಿ ಇದ್ದವು. ಸೀಳನ್ನು ಅರ್ಧ ಬಾಟಲಿ ನೀರಿನಿಂದ ತೊಳೆದು, ತುಟಿಗಳು ತಾವೇ ಕೂಡುತ್ತಿದ್ದುದರಿಂದ ಅಡ್ಡಲಾಗಿ ಎರಡು ಕಾಗದದ ಟೇಪಿನ ಪಟ್ಟಿ ಅಂಟಿಸಿ ಮೇಲೆ ಗಾಜ್ ಕಟ್ಟಿದರು. ಬಾಯಿ ತೆರೆದು ನಿಲ್ಲುವ ಗಾಯವಾಗಿದ್ದರೆ ಹೊಲಿಗೆ ಬೇಕು. ಅದಕ್ಕೆ ನಾಳೆಯವರೆಗೆ ಕಾಯುವಂತಿಲ್ಲ, ಅದೇ ದಿನ, ಆದಷ್ಟು ಬೇಗ ಹೋಗಬೇಕು.

ಮೊಣಕಾಲು: ಇಡೀ ಕೆಲಸ ನೀರಿನದು

ತರಚು ಗಾಯ ಆಳದ ಸೀಳಿಗಿಂತ ಹೆಚ್ಚು ಉರಿಯುತ್ತದೆ. ಮೇಲ್ಪದರ ಮಾತ್ರ ಹೋಗಿ, ಕೆಳಗಿನ ನರತುದಿಗಳು ಗಾಳಿಗೆ ತೆರೆದುಕೊಂಡಿರುತ್ತವೆ. ಅದಕ್ಕೇ ಮಕ್ಕಳು ತೊಳೆಯಲು ಬಿಡುವುದಿಲ್ಲ, ದೊಡ್ಡವರು ಅಯ್ಯೋ ಪಾಪವೆಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಅರ್ಧಕ್ಕೆ ನಿಲ್ಲಿಸಿದ ತೊಳೆತದ ಫಲ ಮುಂದೆ ಬರುತ್ತದೆ.

ತೊಳೆಯುವ ಕ್ರಮ ಹೀಗಿತ್ತು. ಒಂದು ಲೀಟರಿನ ನೀರಿನ ಬಾಟಲಿಯ ಮುಚ್ಚಳಕ್ಕೆ ದಪ್ಪ ಸೇಫ್ಟಿ ಪಿನ್ನಿನಿಂದ ಎರಡು ತೂತು. ಬಾಟಲಿ ಬಗ್ಗಿಸಿ ಹೊಟ್ಟೆ ಹಿಸುಕಿದರೆ ನೀರು ಎಳೆಯಾಗಿ, ಒತ್ತಡದಿಂದ ಚಿಮ್ಮುತ್ತದೆ. ಮಗ್ಗಿನಿಂದ ಸುರಿದ ನೀರು ಮರಳಿನ ಮೇಲೆ ಹರಿದು ಹೋಗುತ್ತದೆ ಅಷ್ಟೇ. ಚಿಮ್ಮುವ ಎಳೆ ಕಾಳುಗಳನ್ನು ಎಬ್ಬಿಸುತ್ತದೆ. ಸೂಜಿ ತೆಗೆದ 20 ಮಿ.ಲೀ. ಸಿರಿಂಜ್ ಇದ್ದರೆ ಅದೂ ಆಗುತ್ತದೆ, ಆದರೆ ತುಂಬಿ ತುಂಬಿ ಸಾಕಾಗುತ್ತದೆ. ಮೇಲಿನಿಂದ ಕೆಳಕ್ಕೆ, ಗಾಯದ ನಡುವಿನಿಂದ ಅಂಚಿಗೆ, ಐದಾರು ಸೆಂ.ಮೀ. ದೂರದಿಂದ. ಗಾಯದ ಉದ್ದದ ಪ್ರತಿ ಸೆಂ.ಮೀ.ಗೆ 50ರಿಂದ 100 ಮಿ.ಲೀ. ಎಂಬುದು ರೂಢಿಯ ಅಳತೆ. 6 ಸೆಂ.ಮೀ.ಗೆ 600 ಮಿ.ಲೀ. ಸಾಕಾಗಬೇಕು, ಆದರೆ ಮರಳು ಮೆತ್ತಿದ್ದ ಈ ಮೊಣಕಾಲಿಗೆ ಎರಡು ಬಾಟಲಿ ಪೂರ್ತಿ ಖರ್ಚಾದವು. ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಿ ತೊಳೆದರು. ತರಚಿದ ಗಾಯದೊಳಗೆ ಸಾಬೂನು ಬೇಕಿಲ್ಲ. ಈ ವಾಕ್ಯಕ್ಕೆ ಒಂದು ಅಪವಾದವಿದೆ, ಮುಂದೆ ಬರುತ್ತದೆ.

ನೀರಿಗೂ ಜಗ್ಗದ ಕಾಳುಗಳು ಹತ್ತೋ ಹನ್ನೆರಡೋ ಉಳಿದವು. ಒದ್ದೆ ಗಾಜ್ ಬಟ್ಟೆಯನ್ನು ಗಾಯದ ಮೇಲೆ ಎರಡು ನಿಮಿಷ ಇಟ್ಟು ನೆನೆಸಿ, ಒಂದೇ ದಿಕ್ಕಿಗೆ ಮೆತ್ತಗೆ ಒರೆಸಿದಾಗ ಅರ್ಧ ಬಂದವು. ಒಂದೊಂದು ಒರೆತಕ್ಕೂ ಗಾಜ್ ಬಟ್ಟೆಯ ಹೊಸ ಮಗ್ಗುಲು. ಹಿಂದೆ ಮುಂದೆ ತಿಕ್ಕಿದರೆ ಬಂದ ಮರಳೇ ಮತ್ತೆ ಒಳಗೆ. ಉಳಿದವನ್ನು ಸ್ಪಿರಿಟ್ಟಿನಿಂದ ಒರೆಸಿದ ಚಿಮಟದಿಂದ ಹೆಕ್ಕಿದರು. ಕಣ್ಣಿಗೆ ಕಾಣುವ, ಹಿಡಿತಕ್ಕೆ ಸಿಗುವ ಕಾಳು ಮಾತ್ರ ಹೆಕ್ಕಬೇಕು, ಸೂಜಿಯಿಂದ ಕೆದಕಬಾರದು. ಉಳಿದದ್ದು ಬಹಳವಿದ್ದರೆ ಆಸ್ಪತ್ರೆಯಲ್ಲಿ ಮರಗಟ್ಟಿಸಿ ತೆಗೆಯುತ್ತಾರೆ. ತೆಗೆಯದೇ ಬಿಟ್ಟ ಕಾಳಿನ ಮೇಲೆ ಚರ್ಮ ಬೆಳೆದರೆ ಹಚ್ಚೆಯ ಚುಕ್ಕೆಯಂತೆ ಕಾಯಂ ನಿಲ್ಲುತ್ತದೆ.

ಡೆಟಾಲ್, ಸ್ಪಿರಿಟ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್, ಇವನ್ನು ತೆರೆದ ಗಾಯಕ್ಕೆ ಹಾಗೇ ಸುರಿಯುವುದು ಹಳೆಯ ರೂಢಿ. ಉರಿದಷ್ಟೂ ಔಷಧ ಹತ್ತಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಅವು ಕ್ರಿಮಿಯ ಜೊತೆಗೆ ಹೊಸ ಚರ್ಮ ಕಟ್ಟಬೇಕಾದ ಜೀವಕೋಶಗಳನ್ನೂ ಸಾಯಿಸುತ್ತವೆ, ಗಾಯ ಮಾಯುವುದು ತಡವಾಗುತ್ತದೆ. ಅಕ್ಕೋರು ಹಚ್ಚಿದ್ದು 5% ಪೋವಿಡೋನ್ ಅಯೋಡಿನ್ ಮುಲಾಮು, ತೆಳ್ಳಗೆ. ಅಯೋಡಿನ್ ಒಗ್ಗದವರಿಗೆ ಬರೀ ವ್ಯಾಸಲಿನ್ ಸಾಕು. ಗಾಯ ಒಣಗಬೇಕೆಂದು ಗಾಳಿಗೆ ಬಿಡುವುದಕ್ಕಿಂತ ಹಸಿಯಾಗಿ ಮುಚ್ಚಿಟ್ಟರೆ ಬೇಗ ಮಾಯುತ್ತದೆ, ಹಕ್ಕಳೆ ಬಿರಿದು ಮತ್ತೆ ರಕ್ತ ಬರುವುದೂ ತಪ್ಪುತ್ತದೆ. ಮೊಣಕಾಲಿನಂಥ ಮಡಿಚುವ ಜಾಗಕ್ಕಂತೂ ಇದು ಇನ್ನೂ ಮುಖ್ಯ.

ಮುಲಾಮಿನ ಮೇಲೆ ವ್ಯಾಸಲಿನ್ ಸವರಿದ ಜಾಲರಿ ಬಟ್ಟೆ (ಅಂಗಡಿಯಲ್ಲಿ ಪ್ಯಾರಾಫಿನ್ ಗಾಜ್ ಎಂದು ಕೇಳಬೇಕು), ಅದರ ಮೇಲೆ 10×10 ಸೆಂ.ಮೀ.ಯ ಒಣ ಗಾಜ್, ಮೇಲೆ 3 ಇಂಚಿನ ರೋಲರ್ ಬ್ಯಾಂಡೇಜ್. ಮೊಣಕಾಲು ಸ್ವಲ್ಪ ಮಡಿಸಿಟ್ಟೇ ಕಟ್ಟಬೇಕು. ನೆಟ್ಟಗಿಟ್ಟು ಕಟ್ಟಿದ ಪಟ್ಟಿ ಬಸ್ಸಿನ ಸೀಟಿನಲ್ಲಿ ಕೂತ ಕೂಡಲೇ ಬಿಗಿಯುತ್ತದೆ. ಒಂದು ಸುತ್ತು ಮೊಣಕಾಲ ಮೇಲೆ, ಒಂದು ಕೆಳಗೆ, ಹಿಂದೆ ಅಡ್ಡ ಹಾಯಿಸಿ ಇಂಗ್ಲಿಷಿನ 8ರ ಆಕಾರ. ಕಟ್ಟಿ ಮುಗಿದ ಮೇಲೆ ಕಾಲಿನ ಹೆಬ್ಬೆರಳ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಕೊನೆಗೆ ಹುಡುಗನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಕುಂಟಿದರೂ ಭಾರ ಹಾಕಿ ನಡೆದ. ನಾಲ್ಕು ಹೆಜ್ಜೆ ಭಾರ ಹಾಕಲು ಆಗದಿದ್ದರೆ ಎಲುಬಿನ ಎಕ್ಸ್‌ರೇ ಬೇಕು, ಚರ್ಮದ ಚಿಕಿತ್ಸೆ ಅಲ್ಲಿಗೆ ಗೌಣ.

ಇಷ್ಟರವರೆಗೆ, ಹತ್ತಿ ಮತ್ತು ಹೊಂಡದ ನೀರು ಬಿಟ್ಟರೆ, ಎಲ್ಲ ಚೊಕ್ಕ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ: ಹ್ಯಾಂಗ ಬಿದ್ದಿ?

ಬನಶಂಕರಿಯಲ್ಲಿ ಊಟಕ್ಕೆ ಕೂತಾಗ

12 ಗಂಟೆ 40 ನಿಮಿಷ. ಬಾದಾಮಿಯಿಂದ 5 ಕಿ.ಮೀ. ದೂರದ ಗುಡಿಯ ಮುಂದೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರು, ಕೆಂಪು ಚಟ್ನಿ ಹೊತ್ತು ಬರುವ ಹೆಣ್ಣುಮಕ್ಕಳ ಊಟ. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಹುಡುಗ ಸ್ವೆಟರ್ ತೋಳೇರಿಸಿ ಎಡಗೈಯಿಂದ ಉಣ್ಣುತ್ತಿದ್ದ. ಪಕ್ಕದವನ ತಟ್ಟೆಯ ಚಟ್ನಿ ಎಡ ಮುಂಗೈಗೆ ತಾಗಿತು, ಹುಡುಗ ಹೌಹಾರಿದ.

“ಏನಾತೋ?”

“ಉರಿತೈತ್ರೀ ಅಕ್ಕೋರ. ಮಂಗ್ಯಾ ಪರಚಿದ್ದು.”

“ಮಂಗ್ಯಾ? ಯಾವಾಗ?”

“ಮೆಟ್ಲ ಮ್ಯಾಲ್ರಿ. ಚುರಮುರಿ ಚೀಲಾ ಜಗ್ಗಾಕ ಬಂತ್ರಿ. ನಾ ಬಿಡಲಿಲ್ಲ. ಅದಕ್ಕ ಬಿದ್ನಿರಿ.”

ಮೂರು ಗೀರು. ಎರಡು ಬರೀ ಬಿಳಿ ಗೆರೆ. ಮೂರನೆಯದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಣಗಿದ ರಕ್ತದ ಚುಕ್ಕೆ. ಎರಡು ಲೀಟರ್ ನೀರು, ಗಾಜ್ ಬಟ್ಟೆ, ಮುಲಾಮು ಪಡೆದ ಮೊಣಕಾಲಿಗಿಂತ ಈ ಚುಕ್ಕೆ ಎಷ್ಟೋ ಪಾಲು ಗಂಭೀರ. ಕಾರಣ ರೇಬೀಸ್. ಹುಚ್ಚುನಾಯಿ ರೋಗವೆಂದು ಕರೆದು ಕರೆದು ಅದು ನಾಯಿಯದ್ದೇ ಎಂಬ ಭಾವನೆ ಕೂತಿದೆ. ಮಂಗ, ಬೆಕ್ಕು, ನರಿ, ದನ, ಯಾವ ಸಸ್ತನಿಯಿಂದಲೂ ಬರಬಹುದು; ಮಂಗ ಕಚ್ಚಿದರೂ ಪರಚಿದರೂ ಲಸಿಕೆ ಹಾಕಿಸಬೇಕು ಎಂಬುದೇ ನಮ್ಮ ದೇಶದ ಚಿಕಿತ್ಸಾ ಕ್ರಮ. ಪ್ರಾಣಿ ತನ್ನ ಪಂಜ ನೆಕ್ಕಿಕೊಂಡಿರುತ್ತದೆ, ಜೊಲ್ಲು ಉಗುರಿನಲ್ಲಿರುತ್ತದೆ. ರೋಗದ ಲಕ್ಷಣ ಒಮ್ಮೆ ಕಾಣಿಸಿದರೆ ಉಳಿಸುವ ಔಷಧವಿಲ್ಲ. ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಮಾಡಿದರೆ ತಡೆಯಬಹುದು.

ಮೇಲೆ ಹೇಳಿದ ಅಪವಾದ ಇದೇ. ಪ್ರಾಣಿ ಮಾಡಿದ ಗಾಯಕ್ಕೆ ಸಾಬೂನು ಗಾಯದ ಒಳಗೇ ಬೇಕು. ರೇಬೀಸ್ ವೈರಾಣುವಿನ ಹೊರಪದರ ಕೊಬ್ಬಿನದು, ಸಾಬೂನು ಅದನ್ನು ಕರಗಿಸುತ್ತದೆ. ಮೈಗೆ ಹಚ್ಚುವ ಸಾಬೂನೇ ಆಗಬೇಕೆಂದಿಲ್ಲ, ಬಟ್ಟೆ ಸಾಬೂನೂ ಆದೀತು. ಹರಿಯುವ ನಳದ ಕೆಳಗೆ ಕೈ ಹಿಡಿಸಿ, ಗಡಿಯಾರ ನೋಡಿ 15 ನಿಮಿಷ. ಈ ಹದಿನೈದು ನಿಮಿಷ ಯಾರಿಗೂ ಹಿಡಿಸುವುದಿಲ್ಲ. ಹಿಂದೆ ಸಾಲು ನಿಲ್ಲುತ್ತದೆ, ನೀರು ಪೋಲೆಂದು ಬೈಯುತ್ತಾರೆ, ಎರಡು ನಿಮಿಷಕ್ಕೆ “ಸಾಕ್ ಬಿಡ್ರಿ” ಎನ್ನುತ್ತಾರೆ. ಘಟನೆಯಾಗಿ ಒಂದೂವರೆ ತಾಸು ಕಳೆದಿದೆ, ಇನ್ನು ತೊಳೆದೇನು ಪ್ರಯೋಜನವೆಂದು ಒಬ್ಬ ಸರ್ ಕೇಳಿದರು. ತಡವಾದರೂ ತೊಳೆಯಲೇಬೇಕು. ತೊಳೆದ ಮೇಲೆ ಪೋವಿಡೋನ್ ಅಯೋಡಿನ್. ಖಾರ, ಸುಣ್ಣ, ಎಣ್ಣೆ, ಕಾಫಿಪುಡಿ ಯಾವುದೂ ಇಲ್ಲ. ಬಿಗಿ ಪಟ್ಟಿಯೂ ಇಲ್ಲ.

ತಾಲ್ಲೂಕು ಆಸ್ಪತ್ರೆ, ಮತ್ತೆ 28 ದಿನ

ಬಸ್ಸು ಬಾದಾಮಿಗೆ ತಿರುಗಿತು. ವೈದ್ಯರು ಮೊದಲು ನೋಡಿದ್ದು ಗಾಯದ ವರ್ಗ. ಮುಟ್ಟಿದ್ದು, ಗಾಯವಿಲ್ಲದ ಚರ್ಮ ನೆಕ್ಕಿದ್ದು ಮೊದಲ ವರ್ಗ, ಏನೂ ಬೇಡ. ರಕ್ತ ಬಾರದ ಗೀರು ಎರಡನೇ ವರ್ಗ, ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದ ಕಚ್ಚು, ಪರಚು, ಅಥವಾ ಗಾಯದ ಮೇಲೆ ನೆಕ್ಕಿದ್ದು ಮೂರನೇ ವರ್ಗ. ಅದಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ, ಅಂದರೆ ಸಿದ್ಧ ಪ್ರತಿಕಾಯಗಳ ಮದ್ದು. ಲಸಿಕೆಯಿಂದ ದೇಹ ತಾನೇ ರಕ್ಷಣೆ ಕಟ್ಟಿಕೊಳ್ಳಲು ಒಂದು ವಾರದ ಮೇಲೆ ಬೇಕು, ಅಲ್ಲಿಯವರೆಗೆ ಗಾಯದ ಜಾಗದಲ್ಲೇ ಕಾವಲು ಇರಲೆಂದು ಇದನ್ನು ಗಾಯದೊಳಗೆ ಮತ್ತು ಸುತ್ತ ಚುಚ್ಚುತ್ತಾರೆ. ಆ ಸಾಸಿವೆ ಕಾಳಿನಷ್ಟು ಚುಕ್ಕೆಯಿಂದಾಗಿ ಹುಡುಗ ಮೂರನೇ ವರ್ಗಕ್ಕೆ ಬಿದ್ದ. ಒಂದು ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇಲ್ಲದಿದ್ದರೆ ಲಸಿಕೆ ಅಲ್ಲೇ, ಅದೇ ದಿನ ಶುರು ಮಾಡಿಸಿ, ಇದಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮೊದಲ ಲಸಿಕೆಯಿಂದ 7 ದಿನದೊಳಗೆ ಕೊಡಬಹುದು, ಆದರೆ ಬೇಗನಾದಷ್ಟೂ ಒಳ್ಳೆಯದು. ನಾಯಿ, ಬೆಕ್ಕಿನ ವಿಷಯದಲ್ಲಿ ಹೇಳುವ ‘ಹತ್ತು ದಿನ ಪ್ರಾಣಿಯ ಮೇಲೆ ಕಣ್ಣಿಡುವುದು’ ಮಂಗಕ್ಕೆ ಅನ್ವಯಿಸುವುದಿಲ್ಲ. ಕೋಟೆಯ ಮೇಲಿನ ಯಾವ ಮಂಗವೆಂದು ಹುಡುಕುವುದು?

ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆಯನ್ನು ಚರ್ಮದ ಪದರದೊಳಗೆ ಕೊಡುವುದು ರೂಢಿ: ಎರಡೂ ತೋಳಿಗೆ 0.1 ಮಿ.ಲೀ.ನಂತೆ, ದಿನ 0, 3, 7, 28. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28. ‘ದಿನ 0’ ಎಂದರೆ ಮಂಗ ಪರಚಿದ ದಿನವಲ್ಲ, ಮೊದಲ ಚುಚ್ಚುಮದ್ದಿನ ದಿನ. ಇಲ್ಲಿ ಎರಡೂ ಒಂದೇ ಆದವು. ಚೀಟಿಯ ಮೇಲೆ ಅಕ್ಕೋರು ತಾರೀಖುಗಳನ್ನೇ ಬರೆಸಿಕೊಂಡರು: ಜನವರಿ 20, ಜನವರಿ 24, ಫೆಬ್ರುವರಿ 14. “28ನೇ ದಿನ ಬರ್ರಿ” ಎಂದರೆ ಕೆಲವರು 28ನೇ ತಾರೀಖೆಂದು ತಿಳಿಯುತ್ತಾರೆ, ಕೆಲವರು ಗಾಯ ಮಾಯ್ದಿದೆಯೆಂದು ಬಿಟ್ಟೇ ಬಿಡುತ್ತಾರೆ. ಮುಂದಿನ ಮೂರು ಸುತ್ತು ಊರ ಹತ್ತಿರದ ಆಸ್ಪತ್ರೆಯಲ್ಲಿ ಆದವು. ಚೀಟಿ ಜೊತೆಗಿದ್ದರೆ ಊರು ಬದಲಾದರೂ ಅದೇ ಕ್ರಮ ಮುಂದುವರಿಯುತ್ತದೆ.

“ಟಿ.ಟಿ. ಒಂದ ಮಾಡಿಬಿಡ್ರಿ ಸಾಹೇಬ್ರ” ಎಂದು ಸರ್ ಕೇಳಿದರು. ಬಿದ್ದರೆ ಟಿ.ಟಿ. (ಧನುರ್ವಾಯು ತಡೆಯುವ ಚುಚ್ಚುಮದ್ದು) ಎಂಬುದು ನಮ್ಮ ಕಡೆ ಬಾಯಿಪಾಠ. ಫೋನಿನಲ್ಲಿ ತಾಯಿಯನ್ನು ವಿಚಾರಿಸಿದರೆ ಚಿಕ್ಕಂದಿನ ಲಸಿಕೆಗಳೆಲ್ಲ ಆಗಿದ್ದವು, 10ನೇ ವಯಸ್ಸಿನ ಟಿ.ಡಿ. (ಧನುರ್ವಾಯು, ಗಂಟಲಮಾರಿ ಎರಡನ್ನೂ ತಡೆಯುವ ಲಸಿಕೆ) ಕೂಡ ಶಾಲೆಯಲ್ಲೇ ಆಗಿತ್ತು, ಅಂದರೆ ನಾಲ್ಕು ವರ್ಷದ ಹಿಂದೆ. ಲಸಿಕೆ ಪೂರ್ತಿಯಾದವರಿಗೆ ಮಣ್ಣು, ಸಗಣಿ ತಾಗಿದ ಹೊಲಸು ಗಾಯಕ್ಕೆ 5 ವರ್ಷ, ಶುಭ್ರ ಸಣ್ಣ ಗಾಯಕ್ಕೆ 10 ವರ್ಷ ದಾಟಿದ್ದರೆ ಮಾತ್ರ ಮತ್ತೆ ಬೇಕು. ಹುಡುಗನಿಗೆ ಬೇಕಾಗಲಿಲ್ಲ. ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಂದು ಮಾತ್ರೆ. ಆಂಟಿಬಯೋಟಿಕ್ ಕೊಡಲಿಲ್ಲ.

ಮನೆಯಲ್ಲಿ ಮೊಣಕಾಲ ಪಟ್ಟಿ ದಿನಕ್ಕೊಮ್ಮೆ ಬದಲಿಸಬೇಕಿತ್ತು. ಎರಡನೇ ದಿನ ಜಾಲರಿ ಬಟ್ಟೆ ಮುಗಿದು ಒಣ ಗಾಜ್ ಬಟ್ಟೆಯನ್ನೇ ಇಟ್ಟರು, ಮೂರನೇ ದಿನ ಅದು ಅಂಟಿತು. ಅಜ್ಜಿ ಒಂದೇ ಜಗ್ಗಿಗೆ ಕಿತ್ತಿದ್ದರಿಂದ ಆಗಷ್ಟೇ ಬೆಳೆದ ತೆಳು ಚರ್ಮವೂ ಜೊತೆಗೇ ಬಂತು, ಎರಡು ದಿನದ ಗಳಿಕೆ ಹೋಯಿತು. ಅಂಟಿದ ಗಾಜ್ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ತಾನೇ ಬಿಡುತ್ತದೆ. ನೋಡಬೇಕಾದ ಲಕ್ಷಣಗಳನ್ನು ಆಸ್ಪತ್ರೆಯಲ್ಲೇ ಹೇಳಿದ್ದರು: ಎರಡನೇ ದಿನದ ನಂತರ ಕೆಂಪು ಕಡಿಮೆಯಾಗುವ ಬದಲು ಹರಡುವುದು, ಬಿಸಿ, ಮಿಡಿಯುವ ನೋವು, ಕೀವು, ಜ್ವರ, ಗಾಯದಿಂದ ತೊಡೆಯ ಕಡೆ ಏರುವ ಕೆಂಪು ಗೆರೆ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಹರಡಿತೋ ಇಲ್ಲವೋ ಎಂಬ ಜಗಳವೇ ಇರುವುದಿಲ್ಲ. ಇಲ್ಲಿ ಗೆರೆ ದಾಟಲಿಲ್ಲ.

ಹನ್ನೆರಡನೇ ದಿನ ಮೊಣಕಾಲ ಮೇಲೆ ಗುಲಾಬಿ ಬಣ್ಣದ ಹೊಸ ಚರ್ಮ. ಕೆಳ ಅಂಚಿನಲ್ಲಿ ಮಾತ್ರ, ಒರೆಸುವಾಗ ಹುಡುಗ ಕಾಲು ಎಳೆದುಕೊಂಡ ಜಾಗದಲ್ಲಿ, ಎರಡು ಕಪ್ಪು ಚುಕ್ಕೆ ಉಳಿದಿವೆ. ಬಾದಾಮಿಯ ಮರಳು.

ಶಾಲೆಯ ಪೆಟ್ಟಿಗೆಯಲ್ಲಿ ಈಗ ಇರುವುದು: ಗಾಜ್ 10×10 ಹತ್ತು, ಪ್ಯಾರಾಫಿನ್ ಗಾಜ್ ಐದು, 3 ಇಂಚಿನ ರೋಲರ್ ನಾಲ್ಕು, ಕಾಗದದ ಟೇಪ್ ಒಂದು, ಕೈಗವಸು ಐದು ಜೊತೆ, ಚಿಮಟ, ತುದಿ ಮೊಂಡಾದ ಕತ್ತರಿ, ಪೋವಿಡೋನ್ ಮುಲಾಮು ಎರಡು ಟ್ಯೂಬು, ಎರಡು ಸಾಬೂನು, ತೂತು ಮಾಡಿದ ಎರಡು ಬಾಟಲಿ ಮುಚ್ಚಳ. ಮುಲಾಮಿನ ಅವಧಿ ಮುಗಿಯುವ ತಿಂಗಳನ್ನು ಪೆಟ್ಟಿಗೆಯ ಹೊರಗೆ ಬರೆದಿದೆ, ಒಳಗೆ ಬರೆದದ್ದನ್ನು ಯಾರೂ ತೆರೆದು ನೋಡುವುದಿಲ್ಲ. ಮುಚ್ಚಳದ ಮೇಲೆ ಅಕ್ಕೋರ ಅಕ್ಷರದಲ್ಲಿ ಇನ್ನೊಂದು ಸಾಲಿದೆ: “ಹ್ಯಾಂಗ ಬಿದ್ದಿ ಅಂತ ಕೇಳ್ರಿ. ತೋಳ ಏರಿಸಿ ನೋಡ್ರಿ.”